ಬೆಲೆಚೀಟಿ ಮರೆಮಾಡಿ ಸೀರೆ ತೋರಿಸುವ ಇಳಕಲ್ಲಿನ ಅಂಗಡಿ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆ ಅಂಗಡಿಗಳಿಗೆ ಬರವಿಲ್ಲ. ಆದರೆ ನೇಕಾರರ ಓಣಿಯೊಂದರಲ್ಲಿರುವ, ಫಲಕವೂ ಸರಿಯಾಗಿ ಕಾಣದ ಈ ಸಣ್ಣ ಅಂಗಡಿಯಲ್ಲಿ ಬೆಲೆಚೀಟಿಯನ್ನು ಮಡಿಕೆಯೊಳಗೆ ಸೇರಿಸಿ, ಸೀರೆಯ ಹಿಮ್ಮೈಯನ್ನು ಮೇಲೆ ಮಾಡಿ ಗಿರಾಕಿಯ ಮುಂದೆ ಹರವುತ್ತಾರೆ. “ಅಕ್ಕಾರ, ಮೊದಲ ಸೀರಿ ನೋಡ್ರಿ, ರೇಟು ಆಮ್ಯಾಲೆ ಕೇಳ್ರಿ” ಎನ್ನುತ್ತಾರೆ ಮಾಲೀಕರು.

ಇದನ್ನು ವ್ಯಾಪಾರದ ಜಾಣತನವೆಂದು ತಳ್ಳಿಹಾಕುವಂತಿಲ್ಲ. ಬೆಲೆ ಮೊದಲೇ ಗೊತ್ತಾದರೆ ದುಬಾರಿ ಸೀರೆಯ ಬಣ್ಣ ಗಾಢವಾಗಿಯೂ ಅಗ್ಗದ್ದರ ನೇಯ್ಗೆ ಜಾಳಾಗಿಯೂ ಕಾಣತೊಡಗುತ್ತದೆ. ಒಂದು ಗುಣ ಮೆಚ್ಚುಗೆಯಾದರೆ ಅದಕ್ಕೆ ಸಂಬಂಧವಿಲ್ಲದ ಗುಣಗಳನ್ನೂ ಮೇಲೆಂದೇ ಎಣಿಸುವ ಈ ಪ್ರವೃತ್ತಿಯನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರನ್ನು ಅಳೆಯುವ ರೀತಿಯಲ್ಲಿ ಗುರುತಿಸಿದ್ದರು. ಸೀರೆಯ ಮಟ್ಟಿಗೆ ಆ ಒಂದು ಗುಣ ಬಹುತೇಕ ಹೊಳಪೇ ಆಗಿರುತ್ತದೆ.

ಹೊಳಪನ್ನು ಬಿಟ್ಟು ಏನನ್ನು ನೋಡಬೇಕೆಂಬುದನ್ನು ಇಲ್ಲಿ ತಾಳ್ಮೆಯಿಂದ ತೋರಿಸುತ್ತಾರೆ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು, ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಇವೆರಡನ್ನೂ ಕುಣಿಕೆ ಹಾಕಿ ಜೋಡಿಸಬೇಕಾದ್ದರಿಂದ ಒಂದೊಂದು ಸೀರೆಗೂ ಪ್ರತ್ಯೇಕ ಹಾಸನ್ನೇ ಹೂಡಬೇಕಾಗುತ್ತದೆ. ಹಿಮ್ಮೈಯಲ್ಲಿ ಆ ಜೋಡಣೆಯ ಗೆರೆ ಕಣ್ಣಿಗೂ ಬೆರಳಿಗೂ ಸಿಗುತ್ತದೆ. ಕೈಮಗ್ಗವೇ ಬೇಕೆಂದು ಕೇಳಿ ಬಂದವರೂ ಈ ಗೆರೆಯನ್ನು ಕಂಡೊಡನೆ ಸೀರೆಯಲ್ಲಿ ಕುಂದಿದೆಯೆಂದು ಬದಿಗಿಟ್ಟು, ಎಲ್ಲೂ ಏರುಪೇರಿಲ್ಲದ ಪವರ್‌ಲೂಮ್ ಸೀರೆಯತ್ತ ಕೈಚಾಚುವುದುಂಟು. ಆಗ ಮಾಲೀಕರು ವಾದಿಸುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಕೆಂಪು ಸೆರಗಿನ ನಡುವೆ ತೋಪುತೆನೆಯೆಂಬ ಬಿಳಿಯ ವಿನ್ಯಾಸ ಮೂಡಿರುವ ಬಗೆಯನ್ನು ಗಿರಾಕಿಯೇ ಹೋಲಿಸಲೆಂದು ಸುಮ್ಮನಿರುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಅಂಗಡಿಯ ನಿಜವಾದ ಸೇವೆ ಈ ಮೌನವೇ.

ಹಾಗೆಂದು ಮಾಲೀಕರೇನೂ ಪೂರ್ವಗ್ರಹದಿಂದ ಹೊರತಾದವರಲ್ಲ. ಪವರ್‌ಲೂಮ್ ಸೀರೆಯನ್ನು ಹೋಲಿಕೆಗಷ್ಟೇ ಇಟ್ಟುಕೊಂಡಿದ್ದಾರೆ, ಮಾರುವುದಕ್ಕೆ ಮನಸ್ಸಿಲ್ಲ. ಹೊಲದ ಕೆಲಸಕ್ಕೆ ದಿನವೂ ಉಟ್ಟು ಒಗೆಯುವ ಹೆಣ್ಣುಮಗಳಿಗೆ ಅಗ್ಗದ ಸೀರೆಯೇ ಅನುಕೂಲವೆಂಬ ಮಾತು ಅವರಿಗೆ ರುಚಿಸುವುದಿಲ್ಲ.

ಬೆಲೆ ನಿಗದಿತ, ಚೌಕಾಸಿಗೆ ಎಡೆಯಿಲ್ಲ. ಒಳಗಿನ ಟ್ಯೂಬ್‌ಲೈಟಿನಲ್ಲಿ ದಾಳಿಂಬೆಗೆಂಪು ಮತ್ತು ಕಡುಗೆಂಪಿನ ವ್ಯತ್ಯಾಸ ತಿಳಿಯದ ಕಾರಣ ಹಗಲಿನಲ್ಲಿ ಹೋಗಿ, ಸೀರೆಯನ್ನು ಕಟ್ಟೆಯ ಬೆಳಕಿಗೆ ತಂದು ನೋಡುವುದು ಒಳ್ಳೆಯದು. ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ. ದಾಸ್ತಾನು ಕಡಿಮೆಯಿರುವುದರಿಂದ ಮದುವೆಗೆಂದು ಒಮ್ಮೆಲೇ ಹಲವು ಸೀರೆ ಕೊಳ್ಳುವವರು ಮುಂಚಿತವಾಗಿ ಹೇಳಿಡಬೇಕಾಗುತ್ತದೆ.