ಮಲೆನಾಡ ಕೆಸರಿಗೆ ಈ ಕುದುರೆ ಕಿಟ್: ರಬ್ಬರ್ ಬ್ರಷ್ಷಿಗೆ ಪೂರ್ತಿ ಅಂಕ, ಉಳಿದದ್ದಕ್ಕೆ ಇಲ್ಲ

ಆನ್‌ಲೈನಿನಲ್ಲಿ ಸಿಗುವ ಕುದುರೆ ಗ್ರೂಮಿಂಗ್ ಕಿಟ್ ಇದು. ಜಿಪ್ಪಿನ ಬ್ಯಾಗು, ಒಳಗೆ ಒಂಬತ್ತು ಸಾಮಾನು, ಬೆಲೆ 1,850 ರೂಪಾಯಿ. ನಮ್ಮ ತೋಟ ಇರುವುದು ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಡೆ. ಸಾಧಾರಣ ವರ್ಷದಲ್ಲೇ 80 ಇಂಚು ದಾಟುವ ಮಳೆ. ಮನೆಯಲ್ಲಿ ಎರಡು ಕುದುರೆ: ಕಾಠಿಯಾವಾಡಿ ಹೆಣ್ಣು ಗೌರಿ, ನಾಲ್ಕೂ ಕಾಲು ಬೆಳ್ಳಗಿರುವ ಕಂದು ಬಣ್ಣದ ಗಂಡು ಸರ್ದಾರ. ಆರಿದ್ರಾ ಮಳೆಯಿಂದ ಆಶ್ಲೇಷ ಮುಗಿಯುವ ತನಕ ಇವುಗಳ ಮೈಮೇಲೆ ಬಳಸಿ ನೋಡಿ ಬರೆಯುತ್ತಿದ್ದೇನೆ.

ಮೊದಲಿಗೆ, ಜೊತೆಗೆ ಬಂದ ಪುಟ್ಟ ಪುಸ್ತಕವನ್ನು ಪಕ್ಕಕ್ಕಿಡಿ. ಅದು ಚಳಿದೇಶದ ಚಳಿಗಾಲದ ಕೆಸರಿಗೆ ಬರೆದದ್ದು. ಅಲ್ಲಿ ಹಗಲು ಚಿಕ್ಕದಾಗುತ್ತಿದ್ದಂತೆ ಕುದುರೆಗೆ ಉದ್ದನೆಯ ದಟ್ಟ ಕೂದಲು ಬರುತ್ತದೆ, ಕೆಸರು ಆ ಕೂದಲಿಗೆ ಮೆತ್ತಿಕೊಂಡು ಒಣಗುತ್ತದೆ. ನಮ್ಮ ಕೆಸರಿನ ಕಾಲ ಜೂನಿನಿಂದ ಸೆಪ್ಟೆಂಬರ್. ಆಗ ಕುದುರೆ ಮೈಯಲ್ಲಿರುವುದು ಗಿಡ್ಡ ಕೂದಲು. ಗಟ್ಟಿಯಾಗಿ ತಿಕ್ಕಿದರೆ ಚರ್ಮವೇ ತರಚುತ್ತದೆ. ನಮ್ಮ ಚಳಿಗಾಲದಲ್ಲಿ ಕಾಫಿ ಕೊಯ್ಲು, ಜೀಪು ಎಬ್ಬಿಸಿದ ಕೆಂಪು ಧೂಳು. ಅದರ ಕಷ್ಟವೇ ಬೇರೆ.

ಈಗ ರಬ್ಬರ್ ಬ್ರಷ್. ಅಂಗೈಗೆ ಪಟ್ಟಿ ಸಿಕ್ಕಿಸಿಕೊಳ್ಳುವಂಥದ್ದು, ಮೊಂಡು ಹಲ್ಲುಗಳು ಸುತ್ತು ಸುತ್ತಾಗಿ ಇವೆ. ಸರ್ದಾರ ಹೊರಳಾಡಿ ಬಂದು ಪಕ್ಕೆಯ ಕೆಸರು ಒಣಗಿ ಬಿರುಕು ಬಿಟ್ಟ ಮೇಲೆ ಇದನ್ನು ಇಟ್ಟು ಸಣ್ಣ ಸಣ್ಣ ಸುತ್ತಿನಲ್ಲಿ ತಿರುಗಿಸಿದರೆ ಹೆಕ್ಕಳಿಕೆಗಳು ಎದ್ದು ಪುಡಿಯಾಗಿ ಉದುರುತ್ತವೆ. ಹಲ್ಲುಗಳ ಮಧ್ಯೆ ಉದುರು ಕೂದಲು ಸುತ್ತಿಕೊಳ್ಳುತ್ತದೆ. ಅದನ್ನು ಕಂಬಕ್ಕೆ ಬಡಿದು ಮತ್ತೆ ಶುರು. ಕತ್ತಿನ ಬುಡಕ್ಕೆ ಬಂದಾಗ ಅವನು ಮೇಲ್ದುಟಿ ಉದ್ದ ಮಾಡಿ ಗಾಳಿಯಲ್ಲೇ ಏನೋ ಜಗಿಯುತ್ತಾನೆ; ಬ್ರಷ್ಷಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾಗಿಲ್ಲ. ಮುಖಕ್ಕೆ, ಮೊಣಕಾಲಿನಿಂದ ಕೆಳಗಿನ ಎಲುಬಿಗೆ ಮಾತ್ರ ಇದು ಬೇಡ, ನೋವಾಗುತ್ತದೆ. ಅಲ್ಲಿಗೆ ಮೆತ್ತನೆ ಬ್ರಷ್ ಸಾಕು.

ಆದರೆ ಕೆಸರು ಒಣಗಬೇಕಲ್ಲ! ಪುಷ್ಯ ಮಳೆಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಒದ್ದೆ ಮೈಗೆ ಬ್ರಷ್ ಹಿಡಿದರೆ ಲಾಯ ನೋಡಿಕೊಳ್ಳುವ ಹುಡುಗ ಸುಮ್ಮನಿರುವವನಲ್ಲ: “ಬಿಡಿ ಅಮ್ಮಾ, ಹಸಿ ಕೆಸರು ತಿಕ್ಕಿದ್ರೆ ಸಗಣಿ ಸಾರಿಸ್ದಂಗೆ ಆಗ್ತದೆ.” ಅವನು ಭತ್ತದ ಹುಲ್ಲನ್ನು ಹುರಿ ಮಾಡಿ ಮಡಚಿ ಹಿಡಿಯಷ್ಟು ಗಂಟು ಕಟ್ಟಿಕೊಳ್ಳುತ್ತಾನೆ. ಅದರಲ್ಲಿ ಮೊದಲು ನೀರು ಎಳೆದು, ಬೆನ್ನಿನ ಮೇಲೆ ಹರಡಿದ ಹುಲ್ಲಿಗೆ ಹಳೇ ಗೋಣಿ ಹೊದಿಸಿ ನಿಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ತಿಕ್ಕುವ ಹದಕ್ಕೆ ಬರುತ್ತದೆ. ಸಮಯ ಇಲ್ಲದ ದಿನ ಜೀನು ಕೂರುವ ಜಾಗ, ಹೊಟ್ಟೆಪಟ್ಟಿ ಬಿಗಿಯುವ ಜಾಗ ಇವೆರಡನ್ನಾದರೂ ಚೊಕ್ಕ ಮಾಡಲೇಬೇಕು. ಅಲ್ಲಿ ಒಂದು ಹರಳು ಕೆಸರು ಉಳಿದರೂ ಹುಣ್ಣು. ಹಳೇಬೀಡಿನ ಗೋಡೆಯ ಕುದುರೆ ಸಾಲಿನಲ್ಲಿ ಸವಾರರು ಬೇಕಾದಷ್ಟಿದ್ದಾರೆ, ಮೈ ತಿಕ್ಕುವವನು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಿಟ್ಟಿನಲ್ಲಿ ನನಗೆ ಸಿಟ್ಟು ತರಿಸಿದ್ದು ಶಾಂಪೂ. ವಾರಕ್ಕೊಮ್ಮೆ ಸ್ನಾನ ಮಾಡಿಸಿ ಅಂತ ಪುಸ್ತಕ ಹೇಳುತ್ತದೆ. ಮಳೆಗಾಲದಲ್ಲಿ ಇದು ತೀರಾ ಕೆಟ್ಟ ಸಲಹೆ. ಕುದುರೆ ಕೂದಲಲ್ಲಿರುವ ಜಿಡ್ಡೇ ಅದರ ಕಂಬಳಿಕೊಪ್ಪೆ, ಅದನ್ನು ತೊಳೆದುಬಿಟ್ಟರೆ ಮಳೆನೀರು ನೇರ ಚರ್ಮಕ್ಕೆ ಇಳಿಯುತ್ತದೆ. ಕಾಲುಗಳನ್ನು ದಿನಾ ಪೈಪು ಹಿಡಿದು ತೊಳೆಯುವುದೂ ಹಾಗೆಯೇ. ಸದಾ ಒದ್ದೆಯಾಗಿ ಮೆತ್ತಗಾದ ಚರ್ಮದೊಳಗೆ ಡರ್ಮಟೋಫಿಲಸ್ ಅನ್ನುವ ಬ್ಯಾಕ್ಟೀರಿಯಾ ಸೇರಿಕೊಂಡು ಗೊರಸಿನ ಮೇಲಿನ ಮಡಿಕೆಯಲ್ಲಿ ಹಕ್ಕಳೆ, ರಸಿಗೆ, ಊತ ಶುರುವಾಗುತ್ತದೆ. ಬಿಳಿ ಕಾಲಿನವಕ್ಕೆ ಈ ಕಾಟ ಜಾಸ್ತಿ, ಹಾಗಾಗಿ ಸರ್ದಾರನ ಕಾಲು ದಿನಾ ಬೆರಳಿಟ್ಟು ನೋಡುತ್ತೇವೆ. ಸಂಶಯ ಬಂದರೆ ನೀರು ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಾಶಕ ಹಚ್ಚಿ 10 ನಿಮಿಷ ಬಿಟ್ಟು, ತೊಳೆದು, ಟವೆಲ್ಲಿನಲ್ಲಿ ಪೂರ್ತಿ ಒಣಗಿಸುವುದು. ಒಣ ಹಕ್ಕಳೆ ಕೀಳುವಂತಿಲ್ಲ. ಆ ಟವೆಲ್ಲುಗಳು ಒಣಗುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ. ಇಂಬಳ ಹತ್ತುವುದೂ ಅದೇ ಮಡಿಕೆಗೆ. ಅದಕ್ಕೆ ಕಿಟ್ಟಿನಲ್ಲಿ ಯಾವ ಸಾಮಾನೂ ಇಲ್ಲ, ಉಗುರೇ ಗತಿ.

ಗೊರಸು ಕೆದಕುವ ಕೊಕ್ಕೆಯ ಕಥೆ ಚಿಕ್ಕದು: ಲಾಳದೊಳಗೆ ಸಿಕ್ಕಿಕೊಂಡ ಜಲ್ಲಿಕಲ್ಲಿಗೆ ಹಾಕಿ ಮೀಟಿದ್ದೇ ತಡ, ಬಗ್ಗಿತು. ಊರಿನ ಆಚಾರಿ ಹಳೇ ಜೀಪಿನ ಪ್ಲೇಟು ಕಾಯಿಸಿ ಬಡಿದು ಒಂದು ಮಾಡಿಕೊಟ್ಟರು, ಅದು ನನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಮಳೆಗಾಲದಲ್ಲಿ ಈ ಕೆಲಸ ಒಂದು ದಿನವೂ ತಪ್ಪುವಂತಿಲ್ಲ. ಹಿಮ್ಮಡಿಯಿಂದ ಮುಂದಕ್ಕೆ ಕೆದಕಿ, ನಡುವಿನ ಮೂರು ಮೂಲೆಯ ಮೆತ್ತನೆ ಭಾಗದ ಎರಡೂ ಬದಿಯ ಸಂದು ಬಿಡಿಸಿ, ಮೂಸಿ ನೋಡಬೇಕು. ಕಪ್ಪು ಕೀಲೆಣ್ಣೆಯ ಹಾಗೆ ಏನಾದರೂ ಜಿನುಗಿ ಕೊಳೆತ ವಾಸನೆ ಹೊಡೆದರೆ ಗೊರಸು ಕೊಳೆಯತೊಡಗಿದೆ ಎಂದೇ ಅರ್ಥ. ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತವನ್ನೇ ಆ ಸಂದಿಗೆ ತುಂಬುವ ತೋಟದವರಿದ್ದಾರೆ. ನಮ್ಮ ಡಾಕ್ಟ್ರು ಬೇಡವೇ ಬೇಡ ಅಂದರು, ಹಸಿ ಮಾಂಸವನ್ನು ಸುಡುತ್ತದಂತೆ. ಕೆದಕಿ, ಒಣಗಿಸಿ, ಅಯೋಡಿನ್ ಹಚ್ಚುತ್ತೇವೆ.

ಉಳಿದವು: ಬಿರುಸು ಬ್ರಷ್ ಪರವಾಗಿಲ್ಲ. ಕಬ್ಬಿಣದ ಹಲ್ಲಿನ ಬಾಚಣಿಗೆ ಇರುವುದು ಬ್ರಷ್ಷಿನ ಕೊಳೆ ತೆಗೆಯಲಿಕ್ಕೆ, ಕುದುರೆ ಮೈಗಲ್ಲ. ಇದನ್ನು ಪುಸ್ತಕದಲ್ಲಿ ಹೇಳಿಲ್ಲ. ಬಾಲದ ಪ್ಲಾಸ್ಟಿಕ್ ಬಾಚಣಿಗೆ ಕೂದಲು ಕೀಳುತ್ತದೆ. ತೆಂಗಿನೆಣ್ಣೆ ಸವರಿ ತುದಿಯಿಂದ ಬೆರಳಲ್ಲೇ ಬಿಡಿಸಿ. ಮೆತ್ತನೆ ಬ್ರಷ್ಷಿನ ಮರದ ಹಿಡಿಗೆ ಬೂಷ್ಟು ಬಂತು. ಸ್ಪಂಜು, ಬೆವರು ಎಳೆಯುವ ಪಟ್ಟಿ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇವೆ.

ರಬ್ಬರ್ ಬ್ರಷ್ ಬಿಡಿಯಾಗಿಯೂ ಸಿಗುತ್ತದೆ, ಅದನ್ನೇ ಎರಡು ತರಿಸಿ. ಬಗ್ಗಿದ ಕೊಕ್ಕೆಯ ಫೋಟೋ ಮಾರಿದವರಿಗೆ ಕಳಿಸಿದ್ದೆ. ಬಹಳ ವಿನಯದಿಂದ ಉತ್ತರ ಬರೆದು, ಬದಲಿಗೆ ಇನ್ನೊಂದು ಬಾಟಲಿ ಶಾಂಪೂ ಕಳಿಸಿದ್ದಾರೆ.