ಗಾಜಿನ ಒಲೆ, ದೋಸೆ, ನಾಲ್ಕು ಕಾವಲಿ: ನಾನು ಅಮೆರಿಕದ್ದನ್ನೇ ಯಾಕೆ ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಗೆದ್ದದ್ದು ಅಮೆರಿಕದ ಟೆನೆಸಿ ರಾಜ್ಯದಲ್ಲಿ ತಯಾರಾಗುವ ಲಾಡ್ಜ್ ಕಂಪನಿಯ ಬೀಡಿನ ಕಾವಲಿ. ದುಂಡಗಿನದು, 10.5 ಇಂಚು, ಬೆಲೆ 25 ಡಾಲರ್ ಆಸುಪಾಸು. ಅದರ ಎದುರಿಗಿದ್ದವು ಮೂರು. ಚೀನಾದಿಂದ ಬಂದ ನಾನ್‌ಸ್ಟಿಕ್ ತವಾ, ಅಮ್ಮ ಮೈಸೂರಿನಿಂದ ಕಟ್ಟಿಕೊಟ್ಟ ಬೀಡಿನ ಕಾವಲಿ, ಗೆಳತಿಯ ಮನೆಯಿಂದ ಕೆಲವು ವಾರ ತಂದಿಟ್ಟುಕೊಂಡ ಸ್ಮಿದಿ ಎಂಬ ಕಂಪನಿಯ ಕಾವಲಿ. ನಾವಿರುವುದು ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ. ಇರುವುದು ಗಾಜಿನ ಮೈಯ ಕರೆಂಟ್ ಒಲೆ. ಗ್ಯಾಸ್ ಇರುವವರಿಗೆ ನನ್ನ ಮಾತು ಪೂರ್ತಿ ಹೊಂದುವುದಿಲ್ಲ.

ನಾನ್‌ಸ್ಟಿಕ್ ತವಾವನ್ನು ಆನ್‌ಲೈನಿನಲ್ಲಿ ಕೊಂಡಿದ್ದೆ. ಹೆಸರು ಬೇಡ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಮೆರಿಕದ ಬಾವುಟ, ಅದರ ಕೆಳಗೆ ‘ಡಿಸೈನ್ಡ್ ಇನ್ ಯುಎಸ್ಎ’. ತವಾ ಮಗುಚಿ ನೋಡಿದರೆ ತಳದ ಸ್ಟಿಕ್ಕರಿನಲ್ಲಿ ಸಣ್ಣ ಅಕ್ಷರದಲ್ಲಿ ‘ಮೇಡ್ ಇನ್ ಚೈನಾ’. ಹೊರಗಿನಿಂದ ಬಂದ ಸಾಮಾನಿನ ಮೇಲೆ ಅದು ಬಂದ ದೇಶದ ಹೆಸರು ಇರಲೇಬೇಕು ಎಂದು 1930ರ ಸುಂಕದ ಕಾಯ್ದೆ ಹೇಳುತ್ತದೆ. ಹಾಗಾಗಿ ಆ ಸ್ಟಿಕ್ಕರ್. ಆದರೆ ಕೊಳ್ಳುವಾಗ ನೋಡಿದ ಪುಟದಲ್ಲಿ ಬಾವುಟ ಮಾತ್ರ ಕಾಣುತ್ತಿತ್ತು.

ಶುರುವಿನಲ್ಲಿ ದೋಸೆ ಚೆನ್ನಾಗಿಯೇ ಏಳುತ್ತಿತ್ತು. ಕೆಲವು ತಿಂಗಳಲ್ಲಿ ತಳದ ನಡುಭಾಗ ಕೆಳಕ್ಕೆ ಉಬ್ಬಿತು. ತೆಳ್ಳಗಿನ ಅಲ್ಯೂಮಿನಿಯಂ ತಗಡು. ನಡುವೆ ಬೇಗ ಕಾಯುತ್ತದೆ, ಅಂಚು ತಣ್ಣಗಿರುತ್ತದೆ, ಆಗ ಲೋಹ ಸೊಟ್ಟಗಾಗುತ್ತದೆ. ಗ್ಯಾಸ್ ಒಲೆಯಲ್ಲಾದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಮತಟ್ಟಾದ ಗಾಜಿನ ಮೇಲೆ ಬದುಕು ಕಷ್ಟ. ಹಿಟ್ಟು ಹುಯ್ದು ಸೌಟು ತಿರುಗಿಸಿದರೆ ಸೌಟಿನ ಜೊತೆ ತವಾವೂ ಗಿರ್ರನೆ ತಿರುಗುತ್ತಿತ್ತು. ಒಂದು ಕೈಯಲ್ಲಿ ಹಿಡಿ ಹಿಡಿದುಕೊಂಡೇ ದೋಸೆ ಹುಯ್ಯಬೇಕು. ಎಣ್ಣೆಯೆಲ್ಲ ಬಂದು ನಡುವಿನ ಗುಳಿಯಲ್ಲಿ ನಿಲ್ಲುತ್ತಿತ್ತು. ನಡುವೆ ಸೀದ ದೋಸೆ, ಸುತ್ತ ಬಿಳಿಚಿಕೊಂಡ ಹಸಿ ಅಂಚು. ಮಕ್ಕಳು ಅಂಚು ಬಿಟ್ಟು ತಿನ್ನಲು ಶುರುಮಾಡಿದರು.

ಪೆಟ್ಟಿಗೆಯ ಮೇಲೆ ವಾರಂಟಿ ಅಂತ ಬರೆದಿತ್ತು. ಅದರ ಕೆಳಗೆ ಫೋನ್ ನಂಬರ್ ಇಲ್ಲ, ವಿಳಾಸ ಇಲ್ಲ, ಒಂದು ಇಮೇಲ್ ಮಾತ್ರ. ಬರೆದೆ. ಫೋಟೋ ಕಳಿಸಿ ಎಂದು ಉತ್ತರ ಬಂತು, ಕಳಿಸಿದೆ. ಒಲೆಯ ಫೋಟೋ ಕಳಿಸಿ ಎಂದರು, ಅದನ್ನೂ ಕಳಿಸಿದೆ. ಆಮೇಲೆ ಉತ್ತರವೇ ಇಲ್ಲ. ಸ್ವಲ್ಪ ದಿನ ಬಿಟ್ಟು ನೋಡಿದರೆ ಆ ತವಾದ ಪುಟವೇ ಮಾಯ. ಮಾರಿದ ಜಾಲತಾಣದವರು ವಾಪಸ್ ಮಾಡುವ ಅವಧಿ ಮುಗಿದಿದೆ ಎಂದರು. ಕಳೆದುಕೊಂಡದ್ದು ದೊಡ್ಡ ದುಡ್ಡೇನಲ್ಲ. ಹಾಳಾದ ಸಾಮಾನಿನ ಹಿಂದೆ ಒಬ್ಬ ಮನುಷ್ಯನೂ ಇಲ್ಲ, ಕೇಳಲು ಒಂದು ಬಾಗಿಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಬಾಳಿಕೆ ಬರದ ತವಾ ಕಸದ ಗುಡ್ಡ ಸೇರುವುದು ಮಾತ್ರ ಇಲ್ಲಿಯೇ, ಜಾರ್ಜಿಯಾದಲ್ಲಿಯೇ.

ಆಮೇಲೆ ನಾನು ಲೇಬಲ್ ಓದುವುದನ್ನು ಕಲಿತೆ. ‘ಮೇಡ್ ಇನ್ ಯುಎಸ್ಎ’ ಎಂದು ಷರತ್ತಿಲ್ಲದೆ ಬರೆಯಬೇಕಾದರೆ ಆ ಸಾಮಾನು ಪೂರ್ತಿಯಾಗಿ, ಇಲ್ಲವೇ ಹೆಚ್ಚುಕಡಿಮೆ ಪೂರ್ತಿಯಾಗಿ ಇಲ್ಲಿಯೇ ತಯಾರಾಗಿರಬೇಕು. ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ಇದನ್ನು ದಂಡ ಹಾಕಬಹುದಾದ ನಿಯಮವನ್ನಾಗಿ ಮಾಡಿತು. ದಂಡ ಹಾಕಿದ್ದೂ ಇದೆ. ಚೀನಾದಲ್ಲಿ ಮಾಡಿದ ಸಾಮಾನನ್ನು ಅಮೆರಿಕದ್ದು ಎಂದು ಮಾರಿದ ಪ್ರಕರಣದಲ್ಲಿ ವಿಲಿಯಮ್ಸ್ ಸೊನೋಮಾ ಕಂಪನಿ 2024ರಲ್ಲಿ 30 ಲಕ್ಷ ಡಾಲರಿಗೂ ಜಾಸ್ತಿ ಕಟ್ಟಬೇಕಾಯಿತು. ‘ಡಿಸೈನ್ಡ್ ಇನ್’ ಎಂಬುದಕ್ಕೆ ಇಷ್ಟು ಬಿಗಿ ಇಲ್ಲ. ಸಾಮಾನು ಎಲ್ಲಿ ತಯಾರಾಯಿತು ಎಂದು ಅದು ಹೇಳುವುದೇ ಇಲ್ಲ.

ಇನ್ನು ಲಾಡ್ಜ್. ಟೆನೆಸಿಯ ಸೌತ್ ಪಿಟ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ 1896ರಿಂದ ಇವರು ಬೀಡು ಎರಕ ಹೊಯ್ಯುತ್ತಿದ್ದಾರೆ. ಊರಿನಲ್ಲಿ ಸುಮಾರು 3,000 ಜನ ಇರಬಹುದು. ಈಗಲೂ ಅದೇ ಮನೆತನದ ಕಂಪನಿ. 2017ರಲ್ಲಿ ಅಲ್ಲಿಯೇ ಇನ್ನೊಂದು ಎರಕದ ಕಾರ್ಖಾನೆ ತೆರೆದರು. 2002ರಿಂದ ಸೋಯಾ ಎಣ್ಣೆಯಲ್ಲಿ ಪಳಗಿಸಿಯೇ ಮಾರುತ್ತಾರೆ. ಆದರೂ ದೋಸೆಗೆ ಅಷ್ಟು ಪಳಗಿದ್ದು ಸಾಲುವುದಿಲ್ಲ. ಮರಳಿನ ಅಚ್ಚಿನಲ್ಲಿ ಹೊಯ್ದ ಮೈ, ಉಜ್ಜಿ ನಯ ಮಾಡಿರುವುದಿಲ್ಲ, ಕೈಗೆ ತರಿತರಿ ಹತ್ತುತ್ತದೆ. ನನ್ನ ಮೊದಲ ದೋಸೆಗಳು ಚೂರುಚೂರಾಗಿ ಬಂದವು.

ನ್ಯಾಶ್‌ವಿಲ್‌ಗೆ ಹೋಗುವಾಗ ಚಟನೂಗ ದಾಟಿದರೆ ಈ ಊರು ಸಿಗುತ್ತದೆ. ಅಲ್ಲಿ ಕಾರ್ಖಾನೆಯದೇ ಅಂಗಡಿ ಇದೆ. ಹೋಗಿ ಹೇಳಿದೆ, ದೋಸೆ ಅಂದರೇನು ಅಂತಲೂ ವಿವರಿಸಿದೆ. ಅಲ್ಲಿನ ಹೆಂಗಸು ಎಣ್ಣೆ ಹಚ್ಚಿ ಪೂರ್ತಿ ಒರೆಸಿ ತೆಗೆಯಬೇಕು, ಒರೆಸಿದ ಮೇಲೆ ಉಳಿಯುವ ತೆಳು ಪದರ ಸಾಕು, ಹಾಗೆ ಓವನ್‌ನಲ್ಲಿ ಹಲವು ಸಲ ಕಾಯಿಸಿ ಎಂದಳು. ಹಾಗೆಯೇ ಮಾಡಿದೆ. ನಾಲ್ಕಾರು ವಾರ ಚಪಾತಿ ಬೇಯಿಸಿದೆ. ಈಗ ಅರ್ಧ ಈರುಳ್ಳಿ ಎಣ್ಣೆಯಲ್ಲಿ ಅದ್ದಿ ಉಜ್ಜಿ ಹಿಟ್ಟು ಹುಯ್ದರೆ ಸಾಕು, ದೋಸೆ ತಾನೇ ಅಂಚು ಬಿಡುತ್ತದೆ. ಗರಿಗರಿ, ಒಂದೇ ಸಮ ಕೆಂಪು. ಕಾವಲಿ ಗಾಜಿನ ಮೇಲೆ ಕದಲುವುದಿಲ್ಲ. ನಿಧಾನ ಕಾಯುತ್ತದೆ, ಅದಕ್ಕೆ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಮೊದಲೇ ಇಡಬೇಕು. ತೂಕ ಸುಮಾರು 2 ಕಿಲೋ. ಗಾಜಿನ ಮೇಲೆ ಎಳೆಯಬೇಡಿ, ಎತ್ತಿಡಿ. ಅಂಚಿನ ಸಣ್ಣ ಏಣು ಮಗುಚುವ ಕೈಗೆ ಸ್ವಲ್ಪ ಅಡ್ಡ ಬರುತ್ತದೆ, ರೂಢಿಯಾಗುತ್ತದೆ.

ಲಾಡ್ಜ್ ಎಂಬ ಹೆಸರೊಂದೇ ನೋಡಿ ಕೊಳ್ಳಬೇಡಿ. ಅವರ ಬಣ್ಣಬಣ್ಣದ ಎನಾಮೆಲ್ ಪಾತ್ರೆಗಳಲ್ಲಿ ಬಹಳಷ್ಟು ಚೀನಾದಲ್ಲಿ ತಯಾರಾದವು. ತಿರುಗಿಸಿ ಓದಿ.

ಸೌತ್ ಪಿಟ್ಸ್‌ಬರ್ಗ್‌ಗೆ ಹೋದವರು ಅಲಬಾಮಾ ಗಡಿ ದಾಟಿ ಫೋರ್ಟ್ ಪೇನ್‌ಗೂ ಹೋಗಿ ಬರಬೇಕು, ದೂರವಿಲ್ಲ. ಅದು ಒಂದು ಕಾಲಕ್ಕೆ ಜಗತ್ತಿನ ಕಾಲುಚೀಲದ ರಾಜಧಾನಿ ಎಂದು ಕರೆಸಿಕೊಂಡ ಊರು. ನೂರಕ್ಕೂ ಜಾಸ್ತಿ ಗಿರಣಿಗಳಿದ್ದವು. 2000ದ ನಂತರ ಹೊರಗಿನ ಅಗ್ಗದ ಮಾಲು ಬಂದು ಒಂದೊಂದಾಗಿ ಮುಚ್ಚಿದವು, ಈಗ ಉಳಿದವು ಕೆಲವೇ. ಅಮೆರಿಕದ ಗಿರಾಕಿಗಳು ಒಂದು ಜೊತೆಗೆ ಉಳಿಸಿದ್ದು ಚಿಲ್ಲರೆ. ಊರು ಕಳೆದುಕೊಂಡದ್ದು ಸಂಬಳ, ಅಂಗಡಿಗಳ ವ್ಯಾಪಾರ, ಕಾಲುಚೀಲ ಹೆಣೆಯುವ ಕಸುಬು. ನಾನು ಇಲ್ಲಿ ದುಡಿದು ಇಲ್ಲಿಯೇ ತೆರಿಗೆ ಕಟ್ಟುತ್ತೇನೆ. ಪಕ್ಕದ ರಾಜ್ಯದಲ್ಲಿ ಒಂದು ಕಾರ್ಖಾನೆ ನಡೆಯುವುದಕ್ಕೂ ಮುಚ್ಚುವುದಕ್ಕೂ ನನಗೂ ಸಂಬಂಧ ಇದೆ ಅಲ್ವಾ? 2020ರಲ್ಲಿ ಮಾಸ್ಕ್ ಸಿಗದೆ ಆಸ್ಪತ್ರೆಗಳೇ ಪರದಾಡಿದ್ದನ್ನು ಈ ದೇಶ ಕಂಡಿದೆ. ಮಾಡುವ ಕೈಗಳು ಒಮ್ಮೆ ಹೋದರೆ ಬೇಕೆಂದಾಗ ವಾಪಸ್ ಬರುವುದಿಲ್ಲ.

ನಮ್ಮವರಿಗೆ ಇನ್ನೊಂದು ಮಾತು. 2025ರ ಆಗಸ್ಟ್‌ನಲ್ಲಿ ಇಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೊರಗಿನಿಂದ ಬಂದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಊಟಕ್ಕೆ ಸೀಸ ಇಳಿಯಬಹುದು ಎಂದು ಎಚ್ಚರಿಸಿತು. ಅದರಲ್ಲಿ ಭಾರತದಿಂದ ಬಂದ ಮಾಲೂ ಇತ್ತು. ಮಕ್ಕಳಿರುವ ಮನೆ, ಇದನ್ನು ಲಘುವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಅಮೆರಿಕದ್ದೆಲ್ಲ ಶುದ್ಧ ಅಂತಲ್ಲ. ತೊಂದರೆಯಾದರೆ ಮಾಡಿದವರು ಇದೇ ದೇಶದ ಕಾನೂನಿನ ಕೈಗೆ ಸಿಗುತ್ತಾರೆ.

ಅಮ್ಮನ ಕಾವಲಿ ವಿಷಯದಲ್ಲಿ ಮನಸ್ಸು ಎರಡಾಗುತ್ತದೆ. ದೇವರಾಜ ಮಾರುಕಟ್ಟೆ ಹತ್ತಿರದ ಅಂಗಡಿಯಲ್ಲಿ ಕೊಂಡು, ತಾನೇ ಪಳಗಿಸಿ, ವಿಮಾನದ 23 ಕಿಲೋ ಮಿತಿಯ ಪೆಟ್ಟಿಗೆಯಲ್ಲಿ ತುರುಕಿ ಕಳಿಸಿದ್ದು. ಗ್ಯಾಸ್ ಇರುವ ಗೆಳೆಯರ ಮನೆಯಲ್ಲಿ ಅದರ ಮೇಲೆ ಹುಯ್ದ ದೋಸೆ ಲಾಡ್ಜ್‌ಗಿಂತ ಒಂದು ಕೈ ಮೇಲೆ. ನಮ್ಮ ಗಾಜಿನ ಮೇಲೆ ಮಾತ್ರ ಅದರ ಬಾಗಿದ ತಳ ಓಲಾಡುತ್ತದೆ. ನಾಳೆ ಗ್ಯಾಸ್ ಒಲೆಯ ಮನೆ ಸಿಕ್ಕರೆ ಮೊದಲು ಒಲೆ ಏರುವುದು ಅದೇ.

ಸ್ಮಿದಿ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ ಕಂಪನಿಯದು. ಒಳಮೈ ಉಜ್ಜಿ ನುಣುಪು ಮಾಡಿರುತ್ತಾರೆ, ನೋಡಲು ಒಡವೆ. ದೋಸೆ ಮೊದಲ ವಾರದಲ್ಲೇ ಏಳುತ್ತದೆ. ಬೆಲೆ ಲಾಡ್ಜ್‌ನ ಹಲವು ಪಟ್ಟು, ನನ್ನ ಕೈಗೆ ಮೀರಿದ್ದು.

ನಮ್ಮಲ್ಲಿ ದಿನಾ ರಾತ್ರಿ ಚಪಾತಿ, ಶನಿವಾರ ಭಾನುವಾರ ದೋಸೆ. ಒಂದು ಕಾವಲಿಗೆ 30 ಡಾಲರ್ ಮೀರಿ ಕೊಡುವ ಮನಸ್ಸಿಲ್ಲ. ತೊಳೆದು ಒರೆಸಿ ಎಣ್ಣೆ ಸವರಿಡಲು ಬೇಸರವಿಲ್ಲ. ಇಷ್ಟು ಸೇರಿದರೆ ಲಾಡ್ಜ್ ಬಿಟ್ಟು ಬೇರೆ ಆಯ್ಕೆ ನನಗೆ ಕಾಣುವುದಿಲ್ಲ. ಪಾತ್ರೆಯನ್ನು ಡಿಶ್‌ವಾಷರ್‌ಗೆ ಹಾಕುವವರು ಬೀಡಿನ ತಂಟೆಗೆ ಹೋಗಬೇಡಿ. ಹೋಟೆಲಿನಷ್ಟು ಅಗಲದ ಮಸಾಲೆ ದೋಸೆ ಬೇಕೆನ್ನುವವರು ಲಾಡ್ಜ್‌ನದೇ ದೊಡ್ಡ ಪಿಜ್ಜಾ ಪ್ಯಾನ್ ನೋಡಿ, ಇಲ್ಲಿನ ನಮ್ಮವರು ಬಹಳ ಜನ ಅದನ್ನೇ ದೋಸೆಗೆ ಇಟ್ಟುಕೊಂಡಿದ್ದಾರೆ. ಕೊಳ್ಳುವ ಮೊದಲು ನಿಮ್ಮ ಒಲೆಯ ಅತಿ ದೊಡ್ಡ ಉಂಗುರ ಎಷ್ಟು ಅಗಲ ಇದೆ ಅಳೆದುಕೊಳ್ಳಿ, ಪ್ಯಾನ್ ಅದಕ್ಕಿಂತ ತುಂಬ ದೊಡ್ಡದಾದರೆ ದೋಸೆಯ ಅಂಚು ಹಸಿಯಾಗಿಯೇ ಉಳಿಯುತ್ತದೆ.