ಕೀ ಮುರಿದ ಲಾಕ್ ನಟ್ ಬಿಚ್ಚಲು ಯಾವುದು ಮೇಲು: ಸುರುಳಿ ಸಾಕೆಟ್ಟೋ, ಬಡಿದು ಕೂರಿಸುವ ಸಾಕೆಟ್ಟೋ, ವೆಲ್ಡಿಂಗೋ?

ಅಲಾಯ್ ಚಕ್ರದ ಲಾಕ್ ನಟ್ (ತನ್ನದೇ ಆಕಾರದ ಕೀಯಿಂದ ಮಾತ್ರ ತಿರುಗುವ ನಟ್) ಬಿಚ್ಚಲಾಗದೆ ಕುಳಿತವರಿಗೆ ನಾನು ಮೊದಲು ಸೂಚಿಸುವುದು ಒಳಗೋಡೆಯಲ್ಲಿ ಎಡಸುರುಳಿಯ ಹಲ್ಲುಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ಟನ್ನು (ಮುಂದೆ ಇದನ್ನೇ ಸುರುಳಿ ಸಾಕೆಟ್ ಎನ್ನುತ್ತೇನೆ), ಮತ್ತು ಅದನ್ನು ತಿರುಗಿಸಲು ಉದ್ದ ಹಿಡಿಕೆಯ ಬ್ರೇಕರ್ ಬಾರನ್ನು. ಇತರ ವಿಧಾನಗಳನ್ನೂ ಒಂದೇ ಕಾರಿನ ಮೇಲೆ ಪ್ರಯೋಗಿಸಿ ನೋಡುವ ಸಂದರ್ಭ ನನಗೆ ಒದಗಿ ಬಂದದ್ದರಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಕಾರು ಉಡುಪಿಯಲ್ಲಿ ಕೊಂಡ ಹಳೆಯ ಹ್ಯುಂಡೈ ಐ20. ಹಿಂದಿನ ಮಾಲೀಕರು ಚಕ್ರ ಕಳವಾದೀತೆಂಬ ಭಯಕ್ಕೆ ಪ್ರತಿ ಚಕ್ರಕ್ಕೂ ಒಂದೊಂದು ಲಾಕ್ ನಟ್ ಹಾಕಿಸಿದ್ದರು. ಹಿಂದಿನ ಚಕ್ರಗಳಿಗೆ ಒಂದು ಬಗೆಯದು, ಮುಂದಿನವಕ್ಕೆ ಇನ್ನೊಂದು ಬಗೆಯದು. ಹಿಂದಿನವುಗಳ ಕೀ ಕಾರಿನ ಜೊತೆಗೆ ಬಂದಿರಲೇ ಇಲ್ಲ. ಮುಂದಿನವುಗಳ ಕೀಯನ್ನು ಟೈರ್ ಅಂಗಡಿಯೊಂದರಲ್ಲಿ ಗಾಳಿಯ ಇಂಪ್ಯಾಕ್ಟ್ ಗನ್ನಿಗೆ ಸಿಕ್ಕಿಸಿ ಒತ್ತಿದಾಗ ಅದರ ಏಣುಗಳು ಚೂರಾಗಿ ನಟ್ಟಿನ ತೋಡಿನೊಳಗೇ ಉಳಿದವು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂಥ ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಬೇಕಾದ ಬಿಗಿ ಸುಮಾರು 100 ನ್ಯೂಟನ್ ಮೀಟರ್. ಗನ್ನು ಅದರ ಹಲವು ಪಟ್ಟು ಬಲವನ್ನು ಪೆಟ್ಟಿನ ಮೇಲೆ ಪೆಟ್ಟಾಗಿ ಕೊಡುತ್ತದೆ, ಮತ್ತು ಆ ಪೆಟ್ಟನ್ನೆಲ್ಲ ತಡೆದುಕೊಳ್ಳಬೇಕಾದದ್ದು ಕೀಯ ತೆಳ್ಳಗಿನ ಏಣು.

ಯಾವ ವಿಧಾನ ಹಿಡಿದರೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಕಾರು ಜ್ಯಾಕಿನ ಮೇಲಲ್ಲ, ನೆಲದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ ನಿಂತಿರಬೇಕು. ಉಳಿದ ನಟ್‌ಗಳನ್ನು ಆಗಲೇ ಸಡಿಲಿಸಿದ್ದರೆ ಅವನ್ನು ಮತ್ತೆ ಬಿಗಿಗೊಳಿಸಬೇಕು, ಏಕೆಂದರೆ ಅವು ಸಡಿಲವಾಗಿದ್ದಷ್ಟೂ ಚಕ್ರವನ್ನು ಹಿಡಿದಿಡುವ ಭಾರವೆಲ್ಲ ಲಾಕ್ ನಟ್ಟಿನ ಮೇಲೆಯೇ ಬಿದ್ದು ಅದು ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ನಾನೂ ಸಿಂಪಡಿಸಿದೆ. ಆದರೆ ಈ ನಟ್‌ಗಳ ತಲೆ ಮುಚ್ಚಿಕೊಂಡಿರುವುದರಿಂದ ಎಣ್ಣೆ ಒಳಗಿನ ಥ್ರೆಡ್ಡಿಗೆ ಇಳಿಯುವ ದಾರಿಯೇ ಇಲ್ಲ.

ಹೊಸ ಕೀ ತರಿಸುವುದು ಎಲ್ಲಕ್ಕಿಂತ ನಾಜೂಕಾದ ದಾರಿ. ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದ ಲಾಕ್ ನಟ್ ಆಗಿದ್ದು, ಅದರ ಸಂಖ್ಯೆ ಬರೆದ ಕಾರ್ಡ್ ಇದ್ದರೆ, ಬೇರೆ ಯಾವುದನ್ನೂ ಯೋಚಿಸದೆ ಶೋರೂಮಿಗೆ ಹೋಗಬೇಕು. ಅಂಗಡಿಯಲ್ಲಿ ಕೊಂಡು ಹಾಕಿಸಿದ, ಪೆಟ್ಟಿಗೆಯೂ ಉಳಿದಿಲ್ಲದ ನಟ್‌ಗಳಿಗೆ ಈ ದಾರಿ ಮುಚ್ಚಿದಂತೆಯೇ.

ಮೆಕ್ಯಾನಿಕ್‌ಗಳಿಗೆ ಪ್ರಿಯವಾದದ್ದು ಬಡಿದು ಕೂರಿಸುವ ಸಾಕೆಟ್: ನಟ್ಟಿನ ತಲೆಗಿಂತ ಕೂದಲೆಳೆಯಷ್ಟು ಚಿಕ್ಕದಾದ, ಹನ್ನೆರಡು ಮೂಲೆಯ ಹಳೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಹೊಡೆದು ತಲೆಯ ಮೇಲೆ ತೊಡಿಸಿ ತಿರುಗಿಸುವುದು. ಇದಕ್ಕೆ ಖರ್ಚೆಂದರೆ ಒಂದು ಹಳೆಯ ಸಾಕೆಟ್ ಮಾತ್ರ. ಹಿಂದಿನ ಎಡ ಚಕ್ರದ ನಟ್ ಹೀಗೆ ಬಂತು. ಬಲಗಡೆಯದರಲ್ಲಿ ಸಾಕೆಟ್ ಜಾರಿ, ತಲೆಯ ಅಂಚನ್ನು ಹೆರೆದು ನುಣುಪು ಮಾಡಿತು. ಗಟ್ಟಿಯಾಗಿ ಕೂರಲೆಂದು ಹೊಡೆಯುವ ಪ್ರತಿ ಪೆಟ್ಟೂ ಹಬ್ಬಿನ (ಚಕ್ರ ಕೂರುವ ನಡುಭಾಗದ) ಬೇರಿಂಗ್‌ವರೆಗೆ ಹೋಗುತ್ತದೆ ಎಂಬುದನ್ನು ನೆನೆದರೆ ನನಗೆ ಈ ವಿಧಾನದ ಅಗ್ಗದ ಬೆಲೆ ಅಷ್ಟೇನೂ ಆಕರ್ಷಕವಾಗಿ ಕಾಣುವುದಿಲ್ಲ.

ಜಾರಿದ ಅದೇ ನಟ್ಟಿನ ಮೇಲೆ ಸುರುಳಿ ಸಾಕೆಟ್ ಇಟ್ಟು ಕೂರುವಷ್ಟು ಮಾತ್ರ ತಟ್ಟಿ, ಬ್ರೇಕರ್ ಬಾರಿನಿಂದ ಎಡಕ್ಕೆ ಒತ್ತಿದೆ. ಇದರ ಹಲ್ಲುಗಳು ತಿರುಗಿಸಿದಷ್ಟೂ ಲೋಹದೊಳಕ್ಕೆ ಇಳಿಯುವಂತೆ ಓರೆಯಾಗಿರುತ್ತವೆ. ಆದ್ದರಿಂದ ಹಿಡಿತ ಸುತ್ತಿಗೆಯಿಂದಲ್ಲ, ತಿರುಗಿಸುವ ಬಲದಿಂದಲೇ ಹುಟ್ಟುತ್ತದೆ. ನಟ್ ಒಮ್ಮೆ ಟಕ್ಕೆಂದು ಸದ್ದು ಮಾಡಿ ಸಡಿಲವಾಯಿತು. ನನ್ನ ಒಲವು ನಿರ್ಧಾರವಾದದ್ದು ಅಲ್ಲಿಯೇ.

ನಿಜವಾದ ತೊಡಕು ಮುಂದಿನ ಚಕ್ರಗಳದ್ದು. ಅಲ್ಲಿದ್ದ ನಟ್‌ಗಳ ತಲೆಯ ಸುತ್ತ ಒಂದು ತೆಳು ಉಕ್ಕಿನ ಬಳೆ ಇತ್ತು, ಮತ್ತು ಆ ಬಳೆ ಒಳಗಿನ ನಟ್ಟಿಗೆ ಅಂಟಿಕೊಂಡಿರದೆ ಸ್ವತಂತ್ರವಾಗಿ ತಿರುಗುತ್ತಿತ್ತು. ಹೊರಗಿನಿಂದ ಏನನ್ನು ಕಚ್ಚಿಸಿದರೂ ಅದು ಬಳೆಯನ್ನಷ್ಟೇ ಹಿಡಿಯುತ್ತದೆ. ಬಳೆ ಸುತ್ತುತ್ತಲೇ ಇರುತ್ತದೆ, ನಟ್ ಮಾತ್ರ ಇದ್ದಲ್ಲೇ ಇರುತ್ತದೆ. ಕಳ್ಳನನ್ನು ತಡೆಯಲೆಂದೇ ಮಾಡಿದ ಈ ಏರ್ಪಾಡು, ಕೀ ಮುರಿದ ದಿನ ಮಾಲೀಕನನ್ನೂ ಅಷ್ಟೇ ನಿಷ್ಠೆಯಿಂದ ತಡೆಯುತ್ತದೆ. ಬಡಿದು ಕೂರಿಸುವ ಸಾಕೆಟ್ ಇಲ್ಲಿ ಸಂಪೂರ್ಣ ವಿಫಲ. ನಾನು ಇಷ್ಟು ಹೊಗಳಿದ ಸುರುಳಿ ಸಾಕೆಟ್ಟೂ ಮೊದಲ ಯತ್ನದಲ್ಲಿ ಹಾಗೆಯೇ ಸುಮ್ಮನೆ ತಿರುಗಿತು.

ಬಳೆಯನ್ನು ಗ್ರೈಂಡರಿನಿಂದ ಸೀಳೋಣವೆಂದರೆ, ನಟ್ ಕುಳಿತಿರುವುದು ಅಲಾಯ್‌ನ ಆಳವಾದ ಕುಳಿಯೊಳಗೆ. ಕತ್ತರಿಸುವ ಬಿಲ್ಲೆ ಬಳೆಯನ್ನು ಮುಟ್ಟುವ ಮೊದಲೇ ರಿಮ್ಮನ್ನು ಮುಟ್ಟುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಕಿರಿದಾದ ಬಾಯಿಯ ಚಾಣ. ಕುಳಿಯ ಗೋಡೆಗೆ ತಗಡಿನ ತುಂಡನ್ನು ಸುತ್ತಿ ಅಡ್ಡವಿಟ್ಟು, ಚಾಣವನ್ನು ಬಳೆಯ ಮೇಲಂಚಿಗೆ ನೆಟ್ಟಗೆ ಹಿಡಿದು, ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಹೋದಾಗ ಗಡಸಾಗಿದ್ದ ಬಳೆ ಬಗ್ಗದೆ ಬಿರುಕು ಬಿಟ್ಟಿತು; ಬಿರುಕಿನಲ್ಲಿ ಚಾಣವನ್ನು ತಿರುವಿ ಅಗಲಿಸಿ, ತುಂಡುಗಳನ್ನು ಇಕ್ಕಳದಿಂದ ಎತ್ತಿ ತೆಗೆಯಬಹುದಾಯಿತು. ಗಡಸು ಉಕ್ಕಿನ ಚೂರು ಯಾವ ದಿಕ್ಕಿಗೂ ಸಿಡಿಯಬಹುದಾದ್ದರಿಂದ ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಬಳೆ ಕಳಚಿದ ಮೇಲೆ ಉಳಿಯುವ ತಿರುಳು ಮೊದಲಿಗಿಂತ ಸಣ್ಣದು. ಅದನ್ನು ವರ್ನಿಯರ್‌ನಿಂದ ಅಳೆದು, ಅದಕ್ಕಿಂತ ತುಸು ಕಿರಿದಾದ ಸುರುಳಿ ಸಾಕೆಟ್ಟನ್ನು ಆರಿಸಬೇಕು. ಬಿಡಿ ಸಾಕೆಟ್ಟಿಗಿಂತ ಹಲವು ಅಳತೆಗಳ ಸೆಟ್ಟನ್ನೇ ಕೊಳ್ಳಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ತಲೆಯ ಅಳತೆ ನೋಡಿ ಒಂದನ್ನೇ ತಂದಿದ್ದರೆ ಈ ಹಂತದಲ್ಲಿ ಮತ್ತೆ ಅಂಗಡಿಗೆ ಓಡಬೇಕಾಗಿತ್ತು. ಸರಿಯಾದ ಅಳತೆ ಸಿಕ್ಕಿದ ಮೇಲೆ ತಿರುಳು ಹೆಚ್ಚು ಹಟ ಮಾಡಲಿಲ್ಲ.

ಮುಂದಿನ ಇನ್ನೊಂದು ಚಕ್ರವನ್ನು ವೆಲ್ಡಿಂಗ್‌ಗೆ ಒಪ್ಪಿಸಿದೆ. ನಟ್ಟಿನ ತಲೆಯ ಮೇಲೆ ದೊಡ್ಡದೊಂದು ಸಾಮಾನ್ಯ ನಟ್ ಇಟ್ಟು, ಅದರ ತೂತಿನೊಳಗಿನಿಂದ ಬೆಸೆದರೆ ಬಳೆಯೂ ತಿರುಳೂ ಒಂದಾಗಿಬಿಡುತ್ತವೆ, ಕಾವಿಗೆ ಥ್ರೆಡ್ಡಿನ ತುಕ್ಕೂ ಸಡಿಲುತ್ತದೆ. ಬಲದ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ, ಸಮಯವೂ ಕಡಿಮೆ. ಆದರೆ ಕುಳಿಯ ಸುತ್ತಲಿನ ಬಣ್ಣ ಗುಳ್ಳೆಯೆದ್ದು ಸುಲಿಯಿತು. ಅದಕ್ಕಿಂತ ಗಂಭೀರವಾದ ಮಾತೆಂದರೆ, ಟೈರ್ ಕೂತಿರುವ ರಿಮ್ ಹೆಚ್ಚು ಕಾದರೆ ಟೈರ್ ಸಿಡಿಯುವ ಅಪಾಯವಿದೆ. ಆದ್ದರಿಂದ ಬೆಸುಗೆ ಚಿಕ್ಕದಾಗಿಯೂ ಬಿಟ್ಟು ಬಿಟ್ಟೂ ಆಗಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಬೇಕು. ವೆಲ್ಡಿಂಗ್ ಯಂತ್ರದ ಅರ್ಥಿಂಗ್ ಕ್ಲಿಪ್ಪನ್ನು ಅದೇ ಚಕ್ರದ ಹತ್ತಿರದ ನಟ್ಟಿಗೇ ಹಾಕಿಸಬೇಕು, ಇಲ್ಲದಿದ್ದರೆ ವಿದ್ಯುತ್ತು ಬೇರಿಂಗಿನ ಮೂಲಕ ಹರಿದು ಅದನ್ನು ಕೆಡಿಸುತ್ತದೆ. ಇಷ್ಟನ್ನೂ ಪಾಲಿಸುವ ವೆಲ್ಡರ್ ನಿಮ್ಮ ಊರಿನಲ್ಲಿದ್ದರೆ ನೀವು ಪುಣ್ಯವಂತರು.

ಡ್ರಿಲ್ ಮಾಡುವುದು ಕಟ್ಟಕಡೆಯ ದಾರಿ. ಗಡಸು ತಲೆಯ ಮೇಲೆ ಸಾಧಾರಣ ಬಿಟ್ ಜಾರುತ್ತದೆ, ಕೋಬಾಲ್ಟ್ ಬಿಟ್ ಬೇಕು, ಮುಗಿಯುವಷ್ಟರಲ್ಲಿ ಸ್ಟಡ್ಡೂ (ನಟ್ ಕೂರುವ ಥ್ರೆಡ್ಡಿನ ಕಡ್ಡಿಯೂ) ಹಾಳಾಗಿರುತ್ತದೆ. ನಟ್ ಇರುವ ಕಾರುಗಳಲ್ಲಿ ಹಾಳಾದ ಸ್ಟಡ್ಡನ್ನು ಹಬ್ಬಿನಿಂದ ಹಿಂದಕ್ಕೆ ಬಡಿದು ತೆಗೆದು ಹೊಸದು ಹಾಕಬಹುದು ಎಂಬುದಷ್ಟೇ ಸಮಾಧಾನ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಬೋಲ್ಟ್ ನೇರವಾಗಿ ಹಬ್ಬಿನೊಳಗೆ ಇಳಿಯುವುದರಿಂದ ಡ್ರಿಲ್ ಓರೆಯಾದರೆ ಹಬ್ಬಿನ ಥ್ರೆಡ್ಡಿಗೇ ಏಟು.

ಸುರುಳಿ ಸಾಕೆಟ್ಟಿನಲ್ಲೂ ಒಂದು ಕಿರಿಕಿರಿಯಿದೆ: ಬಂದ ನಟ್ ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಸಾಕೆಟ್ಟನ್ನು ವೈಸಿಗೆ ಹಾಕಿ, ಹಿಂಬದಿಯ ಚೌಕ ತೂತಿನಿಂದ ಸಲಾಕೆ ತೂರಿಸಿ ಹೊಡೆದು ಬಿಡಿಸಬೇಕು. ಕೊಳ್ಳುವಾಗ ಕ್ರೋಮ್ ಮಾಲಿಬ್ಡಿನಮ್ ಉಕ್ಕಿನದನ್ನೇ ನೋಡಿ ಕೊಳ್ಳಿ. ತೀರ ಅಗ್ಗದವುಗಳ ಹಲ್ಲು ಗಡಸು ನಟ್ಟಿನ ಮೇಲೆ ಬೇಗ ಮೊಂಡಾಗುತ್ತದೆ.

ನನ್ನ ಸೆಟ್ಟಿಗೆ ಎರಡು ಸಾವಿರ ರೂಪಾಯಿಯ ಒಳಗೇ ಆಯಿತು. ವೆಲ್ಡಿಂಗಿನ ಕೂಲಿ ಅದಕ್ಕಿಂತ ಬಹಳ ಕಡಿಮೆ. ಆದರೆ ರಿಮ್ಮಿನ ಬಣ್ಣವನ್ನು ಸೇರಿಸಿದರೆ ಲೆಕ್ಕ ತಿರುಗುತ್ತದೆ. ಮನೆಯಂಗಳದಲ್ಲಿ ಸ್ವತಃ ಸ್ಪ್ಯಾನರ್ ಹಿಡಿಯುವ ಅಭ್ಯಾಸ ನನಗಿರುವುದರಿಂದ ಸೆಟ್ಟಿಗೆ ಹಾಕಿದ ಹಣ ಹೆಚ್ಚೆನಿಸಲಿಲ್ಲ. ಅಭ್ಯಾಸವಿಲ್ಲದವರು, ಇರುವುದು ಒಂದೇ ನಟ್ ಆದರೆ, ಸುರುಳಿ ಸಾಕೆಟ್ ಇಟ್ಟುಕೊಂಡಿರುವ ಗ್ಯಾರೇಜನ್ನು ವಿಚಾರಿಸಿ ಹೋಗುವುದೇ ಮೇಲು.

ಈಗ ನಾಲ್ಕೂ ಚಕ್ರಗಳಿಗೆ ಸಾಮಾನ್ಯ 21 ಮಿಲಿಮೀಟರ್ ನಟ್‌ಗಳನ್ನೇ ಹಾಕಿದ್ದೇನೆ; ಗೇಟಿನ ಒಳಗೆ ನಿಲ್ಲುವ ಕಾರಿಗೆ ಇದಕ್ಕಿಂತ ಹೆಚ್ಚಿನ ಭದ್ರತೆ ಅನಗತ್ಯ. ಬೆಂಗಳೂರಿನ ರಸ್ತೆ ಬದಿಯಲ್ಲಿ ರಾತ್ರಿ ಕಾರು ನಿಲ್ಲಿಸುವವರ ಲೆಕ್ಕ ಬೇರೆಯಿದ್ದೀತು. ಅವರು ಲಾಕ್ ನಟ್ ಹಾಕಿಸುವುದಾದರೆ ಥ್ರೆಡ್ಡಿನ ಅಳತೆಯನ್ನು (ಮಿಲಿಮೀಟರಿನಲ್ಲಿ ವ್ಯಾಸ × ಸುರುಳಿಗಳ ನಡುವಿನ ಅಂತರ) ನೋಡಿಕೊಳ್ಳಬೇಕು: ಹ್ಯುಂಡೈಗೆ 12×1.5, ಮಾರುತಿಯ ಹೆಚ್ಚಿನ ಕಾರುಗಳಿಗೆ 12×1.25. ಹಾಕುವ ಮೊದಲು ನಟ್ಟನ್ನು ಬರಿಗೈಯಿಂದ ಕೊನೆಯವರೆಗೆ ತಿರುಗಿಸಿ ನೋಡಿ, ಥ್ರೆಡ್ಡಿಗೆ ಎಣ್ಣೆ ಹಚ್ಚದೆ ಟಾರ್ಕ್ ರೆಂಚಿನಿಂದ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರಿನಿಂದ) ಬಿಗಿಗೊಳಿಸಿ, ಟೈರ್ ಅಂಗಡಿಗೆ ಹೋದಾಗ ಕೀಯನ್ನು ಗನ್ನಿನ ಕೈಗೆ ಕೊಡದೆ ಆ ಒಂದು ನಟ್ಟನ್ನು ತಾವೇ ಬಿಚ್ಚಿಕೊಡಬೇಕು.